ಮಗ್ಗ ನಿಂತಾಗ ತಿಳಿದದ್ದು

ಕಳೆದ ತಿಂಗಳು ನೆಲಮಂಗಲದಲ್ಲಿರುವ ನನ್ನ ತಂಗಿ ಶೋಭಾಳ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಬಜೆ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಅವಳ ಅತ್ತೆ ದೀಪದ ಕುಡಿಗೆ ಬಜೆಯ ಬೇರು ಹಿಡಿದು ಸುಟ್ಟು, ಸಾಣೆಕಲ್ಲಿನ ಮೇಲೆ ತೇಯ್ದು, ಮೊಮ್ಮಗುವಿನ ನಾಲಿಗೆಗೆ ಸವರಲು ಕೂತಿದ್ದರು. ಮಾತು ಬೇಗ ಬರಲಿ, ಸ್ಪಷ್ಟವಾಗಿ ಬರಲಿ ಎಂದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುವುದೇ. ಆ ವಾಸನೆ ಬಂದರೆ ಉಳಿದವರಿಗೆ ಬಾಣಂತಿ ಕೋಣೆಯ ಬೆಚ್ಚಗಿನ ನೆನಪಾಗಬಹುದು. ನನಗೆ ನೆನಪಾಗುವುದು ಬೇರೆಯೇ.

ಕಾಫಿ ಲೋಟ ಕೈಗೆ ಬರುವ ಮೊದಲೇ ನಾನು ಕೇಳಿದ್ದು, ಮಗುವಿಗೆ ಕಿವಿ ಪರೀಕ್ಷೆ ಮಾಡಿಸಿದ್ದೀರಾ ಎಂದು. ಶೋಭಾ ಗಂಡನ ಮುಖ ನೋಡಿ ನಕ್ಕಳು. ನಮ್ಮ ಬಳಗದಲ್ಲಿ ನನಗೆ ಕಿವಿ ಡಾಕ್ಟ್ರು ಎಂದು ಹೆಸರಿಟ್ಟು ಬಹಳ ದಿನವಾಯಿತು. ಇಟ್ಟುಕೊಳ್ಳಲಿ, ನನಗೇನು. ಯಾರ ಮನೆಯಲ್ಲಿ ತೊಟ್ಟಿಲು ಕಂಡರೂ ಈ ಮಾತೆತ್ತದೆ ನಾನು ಎದ್ದು ಬರುವವಳಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಆ ಒಂದು ವರ್ಷದ ಕಥೆ ಹೇಳಿ ಹೇಳಿ ಸಾಕಾಗಿ, ಈಗ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹತ್ತಿರದ ಹಳ್ಳಿಯಲ್ಲಿ. ರಾಗಿ, ಹುರುಳಿ, ಒಂದಿಷ್ಟು ಸೊಪ್ಪು ತರಕಾರಿ ಬೆಳೆಯುವ ಮನೆ. ನನ್ನನ್ನು ಕೊಟ್ಟದ್ದು ದೊಡ್ಡಬಳ್ಳಾಪುರ ಪಟ್ಟಣದ ಮಗ್ಗದ ಮನೆಗೆ. ಆ ಬೀದಿಯಲ್ಲಿ ಯಾರ ಬಾಗಿಲು ತೆಗೆದರೂ ಒಳಗೆ ಪವರ್‌ಲೂಮು. ನಮ್ಮ ಮನೆಯಲ್ಲಿ ನಡುಮನೆ ಇರಬೇಕಾದ ಜಾಗದಲ್ಲಿ ಮಗ್ಗಗಳು. ಹಿಂದೆ ಅಡಿಗೆಮನೆ, ಪಕ್ಕದಲ್ಲಿ ನಮಗೂ ಭಾವನವರ ಸಂಸಾರಕ್ಕೂ ಕೋಣೆಗಳು. ಬೆಳಗ್ಗೆ ಸ್ವಿಚ್ ಹಾಕಿದರೆ ಊಟದ ಹೊತ್ತಿಗೆ ಒಂದಿಷ್ಟು ಬಿಡುವು, ಆಮೇಲೆ ರಾತ್ರಿಯವರೆಗೂ ಟಕಾಟಕ್ ಟಕಾಟಕ್. ನಮ್ಮದು ನಿಂತರೆ ಗೋಡೆಯಾಚೆ ಪಕ್ಕದ ಮನೆಯವರದು. ಮದುವೆಯಾದ ಹೊಸದರಲ್ಲಿ ತಲೆ ಸಿಡಿದುಹೋಗುತ್ತಿತ್ತು. ಅಭ್ಯಾಸವಾಗಿ ಹೋಗುತ್ತದೆ ಎಂದು ನಮ್ಮತ್ತೆ ಸರೋಜಮ್ಮನವರು ಹೇಳಿದರು. ಅಭ್ಯಾಸವಾಗಿಯೂ ಹೋಯಿತು.

ಮಗ್ಗದ ಮನೆಯಲ್ಲಿ ಬಾಯಿಮಾತು ನಡೆಯುವುದಿಲ್ಲ. ಊಟಕ್ಕೆ ಕರೆಯಲು ಐದು ಬೆರಳು ಕೂಡಿಸಿ ಬಾಯಿಗೆ ತೋರಿಸುತ್ತಾರೆ. ಎಳೆ ಹರಿದಿದ್ದರೆ ಎರಡು ಬೆರಳಲ್ಲಿ ಕತ್ತರಿ ಮಾಡುತ್ತಾರೆ. ಹೊರಗೆ ಯಾರೋ ಬಂದಿದ್ದರೆ ಗದ್ದ ಬಾಗಿಲ ಕಡೆ ಎತ್ತುತ್ತಾರೆ. ಹೇಳಲೇಬೇಕಾದ ದೊಡ್ಡ ಮಾತಿದ್ದರೆ ಹತ್ತಿರ ಬಂದು ಹೆಗಲು ತಟ್ಟಿ, ತುಟಿಯನ್ನು ದೊಡ್ಡದಾಗಿ ಅಲ್ಲಾಡಿಸುತ್ತಾ ಕೂಗುತ್ತಾರೆ. ನಮ್ಮತ್ತೆ ಈ ಭಾಷೆಯಲ್ಲಿ ಪಂಡಿತರು. ಲಂಗ ಹಾಕುವ ವಯಸ್ಸಿನಿಂದ ಮಗ್ಗದ ಮುಂದೆ ಕೂತವರು. ಆ ಕೊನೆಯಲ್ಲಿ ಕೂತೇ ಬರೀ ಹುಬ್ಬಿನಲ್ಲಿ ಸೊಸೆಯನ್ನು ಬೈದು ಮುಗಿಸುತ್ತಿದ್ದರು. ನಾನೇನು ಕಮ್ಮಿ, ವರ್ಷ ತುಂಬುವುದರೊಳಗೆ ಹುಬ್ಬಿನಲ್ಲೇ ಉತ್ತರ ಕೊಡುವುದನ್ನು ಕಲಿತೆ.

ನನ್ನ ಮಗ ಚಿರಂತ್ ಬೆಳೆದದ್ದು ಈ ಮನೆಯಲ್ಲಿ. ನಮಗೆಲ್ಲ ಚಿರು. ಮಗುವನ್ನು ಅತ್ತೆ ಎಷ್ಟು ಜೋಪಾನ ಮಾಡಿದರು ಎಂದರೆ, ನನ್ನ ತಾಯಿಯೇ ನೋಡಿ ಹೊಟ್ಟೆಕಿಚ್ಚು ಪಡುವಷ್ಟು. ಮೋಟಾರಿನ ಬೆಲ್ಟಿಗೆ ಸೆರಗು, ಕೂದಲು ಸಿಕ್ಕಿ ಅನಾಹುತವಾದದ್ದನ್ನು ಕಣ್ಣಾರೆ ಕಂಡವರು ಅವರು. ಹಾಗಾಗಿ ಮಗು ತೆವಳುವ ಮೊದಲೇ ಮಗ್ಗದ ಸುತ್ತ ಮಂಡಿಯೆತ್ತರದ ಹಲಗೆ ಬಡಿಸಿದರು. ಸ್ವಿಚ್ ಬೋರ್ಡುಗಳೆಲ್ಲ ತಲೆಯೆತ್ತರಕ್ಕೆ ಹೋದವು. ಎಣ್ಣೆ ಡಬ್ಬ ಅಟ್ಟಕ್ಕೇರಿತು. ಸೂಜಿ, ಬ್ಲೇಡು, ಗುಂಡಿ, ನುಂಗಬಹುದಾದ್ದು ಯಾವುದೂ ನೆಲದ ಮೇಲೆ ಸಿಗುವಂತಿರಲಿಲ್ಲ. ನೂಲಿನ ದೂಳು ಮೂಗಿಗೆ ಹೋಗಬಾರದೆಂದು ತೊಟ್ಟಿಲಿಗೆ ಒದ್ದೆ ಪಂಚೆಯ ಪರದೆ. ಕಣ್ಣಿಗೆ ಕಾಣುವ ಅಪಾಯಕ್ಕೆಲ್ಲ ನಾವು ಬೇಲಿ ಹಾಕಿದ್ದೆವು. ಕಿವಿಯ ವಿಚಾರ ನಮ್ಮ ಯಾರ ತಲೆಗೂ ಬರಲಿಲ್ಲ.

ಚಿರು ಮಗ್ಗದ ಸದ್ದಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದ, ಮಗ್ಗ ನಿಂತರೆ ಎದ್ದು ಅಳುತ್ತಿದ್ದ. ನೇಕಾರರ ಮನೆಯ ಕೂಸು ಎಂದು ಬೀದಿಯವರೆಲ್ಲ ಮೆಚ್ಚಿದರು. ಕೈಸನ್ನೆಯನ್ನಂತೂ ಎಷ್ಟು ಚೆನ್ನಾಗಿ ಕಲಿತ ಎಂದರೆ, ಒಂದೂವರೆ ವರ್ಷಕ್ಕೇ ಎರಡು ಬೆರಳಲ್ಲಿ ಕತ್ತರಿ ಮಾಡಿ ಅಪ್ಪನಿಗೆ ಎಳೆ ಹರಿದದ್ದನ್ನು ತೋರಿಸಿದ. ಅತ್ತೆ ಅವತ್ತು ಬೀದಿಗೆಲ್ಲ ಸಕ್ಕರೆ ಹಂಚಿದರು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ಬಿಡುವುದಷ್ಟೇ ಬಾಕಿ ಎಂದು ಎಲ್ಲರ ಲೆಕ್ಕ.

ಆದರೆ ಎರಡೂವರೆ ವರ್ಷವಾದರೂ ಬಾಯಿ ಬಿಡಲಿಲ್ಲ. ಅಮ್ಮ ಎನ್ನುವ ಒಂದು ಪದವೂ ಇಲ್ಲ. ಗಂಡು ಹುಡುಗರಿಗೆ ಮಾತು ತಡ ಎಂದರು ಒಬ್ಬರು. ಅವರಪ್ಪನೂ ಲೇಟೇ ಎಂದರು ಅತ್ತೆ. ಬಜೆ ತೇಯ್ದದ್ದಾಯಿತು, ದಿನಾ ಬೆಳಗ್ಗೆ. ಮಾತು ಬಂದರೆ ಗಂಟೆ ಕಟ್ಟಿಸುತ್ತೇವೆ ಎಂದು ದೇವರಿಗೆ ಹರಕೆ ಹೊತ್ತದ್ದಾಯಿತು. ಘಾಟಿಯ ದೇವಸ್ಥಾನಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬಂದದ್ದಾಯಿತು. ದೇವರ ಮೇಲೆ ನನಗೇನೂ ದೂರಿಲ್ಲ. ದೇವರು ನಮ್ಮನ್ನು ಆಸ್ಪತ್ರೆಗೆ ಹೋಗಬೇಡಿ ಎಂದು ತಡೆದಿರಲಿಲ್ಲ. ನನಗೆ ಒಳಗೊಳಗೇ ಅಳುಕು ಇತ್ತು. ಬಾಯಿಬಿಟ್ಟು ಹೇಳಿದರೆ ಅಪಶಕುನ ನುಡಿಯುತ್ತಾಳೆ ಎನ್ನುತ್ತಾರೆ ಎಂದು ಸುಮ್ಮನಿದ್ದೆ.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಗಾಳಿಮಳೆ ಬಂತು. ಆಲಿಕಲ್ಲು ಸುರಿಯಿತು. ಚಿರು ಕಿಟಕಿಯ ಹತ್ತಿರ ನಿಂತವನು ಪ್ರತಿ ಮಿಂಚಿಗೂ ಬೆಚ್ಚಿ ನನ್ನ ಸೀರೆಗೆ ಅಂಟಿಕೊಳ್ಳುತ್ತಿದ್ದ. ಗುಡುಗಿಗೆ ಹೆದರುತ್ತಾನೆ ಪಾಪ ಎಂದು ಅತ್ತೆ ಎತ್ತಿಕೊಂಡರು. ಬೀದಿ ಕೊನೆಯ ಕಂಬ ಮುರಿದು ಬಿತ್ತು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬೆಳಗಾದರೆ ಕರೆಂಟಿಲ್ಲ. ಮರುದಿನವೂ ಇಲ್ಲ. ಇಡೀ ಬೀದಿಯ ಮಗ್ಗಗಳು ಹೀಗೆ ದಿನಗಟ್ಟಲೆ ಒಟ್ಟಿಗೆ ನಿಂತದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದೇ ಆಗ. ಕಾಗೆ ಕೂಗುವುದು ಕೇಳಿಸಿತು. ಪಕ್ಕದ ಮನೆಯಲ್ಲಿ ಸೌಟು ಬಿದ್ದದ್ದು ಕೇಳಿಸಿತು. ಜನ ಅಭ್ಯಾಸಬಲದಿಂದ ಕೂಗಿ ಮಾತಾಡಿ, ಬೀದಿಗೆಲ್ಲ ಕೇಳಿಸಿತೆಂದು ನಾಚಿಕೊಂಡು ನಗುತ್ತಿದ್ದರು.

ಮಗ್ಗ ನಿಂತ ಮೂರನೆಯ ದಿನವಿರಬೇಕು. ಬೇಳೆಗೆ ಕುಕ್ಕರಿಟ್ಟು ನಾನು ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದೆ. ಚಿರು ನನಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಖಾಲಿ ಕಂಡಿಕೆಗಳನ್ನು, ಅಂದರೆ ಲಾಳಿಯೊಳಗೆ ನೂಲು ಸುತ್ತಿ ಇಡುವ ಕಡ್ಡಿಗಳನ್ನು, ಸಾಲಾಗಿ ಜೋಡಿಸುತ್ತಿದ್ದ. ಅಷ್ಟು ನಿಶ್ಶಬ್ದದಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ನಾನು ನಿಂತಲ್ಲೇ ಹಾರಿಬಿದ್ದೆ. ಮಗು ತಲೆ ಎತ್ತಲಿಲ್ಲ. ಎರಡನೆಯ ಸೀಟಿಗೂ ಎತ್ತಲಿಲ್ಲ. ಕಂಡಿಕೆಯ ಸಾಲು ಸೊಟ್ಟವಾಗಿದೆಯೆಂದು ಸರಿ ಮಾಡಿಕೊಂಡ. ಚಿರು ಎಂದು ಕರೆದೆ. ಇನ್ನೂ ಜೋರಾಗಿ ಕರೆದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು, ನನ್ನ ಮಗ ನೋಡಲಿಲ್ಲ.

ಬೀದಿಯವರು ಇಣುಕುವುದನ್ನು ಕಂಡು ಒಳಗೆ ಬಂದ ಅತ್ತೆಗೆ ಹೇಳಿದೆ. ಅವರಿಗೆ ಕೋಪ ಬಂತು. ಮಗುವಿನ ಹಿಂದೆ ಕೂತು ಚಪ್ಪಾಳೆ ತಟ್ಟಿದರು. ಅವನು ತಿರುಗಿ ಅಜ್ಜಿಯನ್ನು ನೋಡಿ ನಕ್ಕ. ನೋಡಿದೆಯಾ ಎಂಬಂತೆ ಅತ್ತೆ ನನ್ನನ್ನು ನೋಡಿದರು. ನನಗೂ ಒಂದು ಗಳಿಗೆ ಜೀವ ಬಂದಂತಾಯಿತು. ಆಮೇಲೆ ಯೋಚಿಸಿದೆ, ಕಿವಿಯ ಪಕ್ಕವೇ ತಟ್ಟಿದರೆ ಗಾಳಿ ತಗಲುತ್ತದೆ, ನೆರಳು ಅಲ್ಲಾಡುತ್ತದೆ. ಸಂಜೆ ನಮ್ಮ ಯಜಮಾನರು ಮಂಜುನಾಥ ಬಂದಾಗ ಕೋಣೆಯ ಬಾಗಿಲಿಗೆ ದಪ್ಪ ಜಮಖಾನ ಇಳಿಬಿಟ್ಟು, ಅದರ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಲ್ಲಿ ಬಡಿಯಿರಿ ಎಂದೆ. ಅವರು ಬಡಿದರು. ನಾನು ಈಚೆ ಮಗುವಿನ ಮುಖವನ್ನೇ ನೋಡುತ್ತಾ ಕೂತೆ. ಬಡಿದೇ ಬಡಿದರು. ಕೊನೆಗೆ ಜಮಖಾನ ಸರಿಸಿ ನನ್ನ ಮುಖ ನೋಡಿದವರು ತಟ್ಟೆ ಕೆಳಗಿಟ್ಟು ಅಲ್ಲೇ ಕೂತುಬಿಟ್ಟರು.

ಅತ್ತೆ ಒಪ್ಪಲಿಲ್ಲ. ಕರೆಂಟು ಬಂದು ಮಗ್ಗ ಶುರುವಾದ ಮೇಲೆ ಎಂದಿನಂತೆ ಮೊಮ್ಮಗನ ಜೊತೆ ಕೈಯಲ್ಲೇ ಮಾತಾಡಿ, ನನ್ನ ಹತ್ತಿರ ಇವನು ಸರಿಯಾಗೇ ಇದ್ದಾನಲ್ಲ ಎಂದು ವಾದಿಸಿದರು. ಆದರೆ ಆಸ್ಪತ್ರೆಗೆ ಹೊರಟಾಗ ತಡೆಯಲಿಲ್ಲ, ದಾರಿಗೆಂದು ಚಿತ್ರಾನ್ನ ಕಟ್ಟಿಕೊಟ್ಟರು.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಮಾಡುವ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ತಲೆಗೆ ಸಣ್ಣ ವೈರುಗಳನ್ನು ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ಅದು ಮಿದುಳಿಗೆ ತಲುಪುತ್ತದೆಯೇ ಎಂದು ನೋಡುತ್ತಾರೆ. ನೋವಿಲ್ಲ, ಏನಿಲ್ಲ. ಆದರೆ ನಮ್ಮ ಚಿರು ಮಲಗಬೇಕಲ್ಲ. ನಿಶ್ಶಬ್ದವಾದ ಕತ್ತಲೆ ಕೋಣೆಯಲ್ಲಿ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತ. ತೊಡೆಯ ಮೇಲೆ ತಟ್ಟಿದೆ, ಹಾಲು ಕುಡಿಸಿದೆ, ಬೈದೆ. ಬಸ್ಸಿನಲ್ಲಿ ಬರುವಾಗ ಗೊರಕೆ ಹೊಡೆದವನು ಇಲ್ಲಿ ಜಪ್ಪಯ್ಯ ಎಂದರೂ ಮಲಗಲಿಲ್ಲ. ಪರೀಕ್ಷೆ ಮಾಡುವ ಮೇಡಂ, ಚಿಕ್ಕ ವಯಸ್ಸಿನ ಹುಡುಗಿ, ಇನ್ನೊಂದು ದಿನ ಬನ್ನಿ ಎಂದರು. ಆಗ ನಮ್ಮವರು ಮಗುವನ್ನು ಎದೆಗೆ ಹಾಕಿಕೊಂಡು ಎಲ್ಲಿಗೋ ಹೋದರು. ಹುಡುಕಿಕೊಂಡು ಹೋಗಿ ನೋಡಿದರೆ ಆಸ್ಪತ್ರೆಯ ಹಿಂದುಗಡೆ ಜನರೇಟರ್ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಗೋಡೆ ಅದುರುತ್ತಿತ್ತು. ಅವರ ಎದೆಯ ಮೇಲೆ ಮಗುವಿಗೆ ಗಾಢ ನಿದ್ದೆ. ಅವನಿಗೆ ಜೋಗುಳವಾಗಿದ್ದು ಮಗ್ಗದ ಸದ್ದಲ್ಲ, ನೆಲದ ನಡುಕ ಎಂದು ಆಗ ನಮಗೆ ಗೊತ್ತಾಯಿತು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಸದ್ದಾಗದಂತೆ ಒಳಗೆ ನಡೆದೆವು.

ಎರಡೂ ಕಿವಿಯಲ್ಲಿ ಕೇಳಿಸುವುದು ತೀರಾ ಕಮ್ಮಿ, ಬಹುಶಃ ಹುಟ್ಟಿನಿಂದಲೇ ಎಂದು ಹೇಳಿದರು. ಹುಟ್ಟಿದಾಗ ಕಾಮಾಲೆಯಾಗಿ ಹೆರಿಗೆ ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು ಎಂದೆ. ಅದೂ ಇರಬಹುದು, ಬೇರೆಯೂ ಇರಬಹುದು ಎಂದರು. ಮಗ್ಗದಿಂದ ಆಗಿದ್ದಾ ಎಂದು ನಮ್ಮವರು ಕೇಳಿದರು. ಅಷ್ಟು ಸದ್ದು ಯಾರ ಕಿವಿಗೂ ಒಳ್ಳೆಯದಲ್ಲ, ಆದರೆ ಇದಕ್ಕೆ ಅದು ಕಾರಣವಿರಲಾರದು ಎಂದು ಮೇಡಂ ಸಮಾಧಾನ ಮಾಡಿದರು. ಆಮೇಲೆ ಅವರು ಹೇಳಿದ ಮಾತು ಇವತ್ತಿಗೂ ನನ್ನ ತಲೆಯಲ್ಲಿ ಕೂತಿದೆ.

"ನಿಮ್ ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಕಿವಿ ಕೇಳ್ದೇ ಇರೋರು ಹೆಂಗ್ ಇರ್ತಾರೋ ಹಂಗೇ ನೀವೆಲ್ರೂ ಇದ್ದೀರ."

ನಿಜ ತಾನೆ. ಬೇರೆ ಯಾರ ಮನೆಯಲ್ಲಾಗಿದ್ದರೂ ಕರೆದರೆ ತಿರುಗದ ಮಗು ಎಂದೋ ಸಿಕ್ಕಿಬೀಳುತ್ತಿತ್ತು. ನಮ್ಮಲ್ಲಿ ಯಾರೂ ಹಿಂದಿನಿಂದ ಕರೆಯುವುದೇ ಇಲ್ಲವಲ್ಲ. ಅದಕ್ಕೇ ಈಗ ತೊಟ್ಟಿಲು ಕಂಡಲ್ಲೆಲ್ಲ ನಾನು ಬಾಯಿ ಹಾಕುವುದು. ಹೆರಿಗೆಯಾದ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಕಿವಿ ಪರೀಕ್ಷೆ ಕೇಳಿ ಮಾಡಿಸಿ. ಆಗ ಆಗದಿದ್ದರೆ ಮೊದಲ ತಿಂಗಳುಗಳಲ್ಲೇ ಮಾಡಿಸಿ. ಮಗು ಬೇಗ ಹುಟ್ಟಿದ್ದರೆ, ಕಾಮಾಲೆ ಜೋರಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಕಿವುಡಿದ್ದರೆ ಇನ್ನೂ ಹುಷಾರಾಗಿರಿ. ಆರೇಳು ತಿಂಗಳ ಕೂಸು ಬಾ ಬಾ, ದಾ ದಾ ಎಂದು ತನ್ನಷ್ಟಕ್ಕೆ ಗುಣುಗುಟ್ಟಬೇಕು. ವರ್ಷದ ಮಗು ಕಣ್ಣಿಗೆ ಕಾಣದ ಕಡೆಯಿಂದ ಹೆಸರು ಕರೆದರೆ ತಿರುಗಬೇಕು. ಬಾಗಿಲು ದಡಾರೆಂದರೆ ಬೆಚ್ಚಿತು, ಲಾರಿ ಬಂದರೆ ನೋಡಿತು ಎಂದು ನಂಬಿ ಕೂರಬೇಡಿ, ನಡುಕ ಮೈಗೆ ಗೊತ್ತಾಗುತ್ತದೆ. ಕಿವಿಗೆ ಎಣ್ಣೆ ಬಿಡಬೇಡಿ, ಪಿನ್ನು ಕಡ್ಡಿ ಹಾಕಬೇಡಿ, ಕಿವಿ ಸೋರಿದರೆ ಅದಾಗೇ ನಿಲ್ಲಲಿ ಎಂದು ಕಾಯಬೇಡಿ. ಮಾತು ತಡವಾಗಿದೆಯೆಂದರೆ ಮೊದಲು ಕಿವಿ ತೋರಿಸಿ, ನಾಲಿಗೆಯ ವಿಚಾರ ಆಮೇಲೆ. ಮೇಡಂ ಅವತ್ತು ನನ್ನನ್ನು ಹೆದರಿಸಲಿಲ್ಲ, ಆದರೆ ಮುಚ್ಚಿಡಲೂ ಇಲ್ಲ. ಮಾತು ಕಲಿಯುವ ವಯಸ್ಸು ಸಣ್ಣದು, ಅದರಲ್ಲಿ ಅರ್ಧ ಕಳೆದಿದ್ದೀರಿ ಎಂದರು.

ಕಿವಿಯ ಹಿಂದೆ ಹಾಕುವ ಮೆಷಿನ್ನುಗಳು ಸಿಗುವ ಹೊತ್ತಿಗೆ ಆಷಾಢ ಕಳೆದಿತ್ತು. ಆಸ್ಪತ್ರೆಯಲ್ಲಿ ಹಾಕಿದಾಗ ಚಿರು ಗೊಂಬೆಯಂತೆ ಸುಮ್ಮನೆ ಕೂತಿದ್ದ. ಮೇಡಂ ಹೆಸರು ಹಿಡಿದು ಕರೆದಾಗ ಅವನ ಕಣ್ಣು ದೊಡ್ಡದಾಯಿತು, ಅಷ್ಟೇ. ನನಗಷ್ಟು ಸಾಕಾಗಿತ್ತು. ಬಸ್ಸಿನಲ್ಲಿ ಉದ್ದಕ್ಕೂ ಅವನ ಮುಖವನ್ನೇ ನೋಡುತ್ತಾ ಬಂದೆ. ಮನೆಯ ಬಾಗಿಲು ದಾಟಿದೆವು. ಒಳಗೆ ಮಗ್ಗಗಳು ಓಡುತ್ತಿದ್ದವು. ಮಗು ಕಿಟಾರನೆ ಕಿರುಚಿಕೊಂಡಿತು. ಎರಡೂ ಕೈಯಲ್ಲಿ ಕಿವಿಯನ್ನು ಕಿತ್ತುಹಾಕುವಂತೆ ಎಳೆದು ಮೆಷಿನ್ನುಗಳನ್ನು ನೆಲಕ್ಕೆಸೆಯಿತು. ಎಣ್ಣೆ ವಾಸನೆಯ ಆ ಮನೆಯಲ್ಲಿ ಹುಟ್ಟಿ ಬೆಳೆದ ಮಗು ಒಳಗೆ ಬರುವುದಿಲ್ಲವೆಂದು ಬೀದಿಗೆ ಓಡಿತು.

ಮೇಡಂ ಮೊದಲೇ ಹೇಳಿದ್ದರು. ಮೆಷಿನ್ನಿಗೆ ಅಮ್ಮನ ಮಾತು ಯಾವುದು, ಮಗ್ಗದ ಸದ್ದು ಯಾವುದು ಎಂದು ಬೇರೆ ಮಾಡುವ ಶಕ್ತಿ ಅಷ್ಟಿಲ್ಲ. ಎಲ್ಲವನ್ನೂ ದೊಡ್ಡದು ಮಾಡಿ ಒಳಗೆ ನೂಕುತ್ತದೆ. ಎದ್ದಾಗಿನಿಂದ ಮಲಗುವವರೆಗೆ ಹಾಕಿರಬೇಕು, ಸದ್ದಿಲ್ಲದ ಕಡೆ ಹತ್ತಿರ ಕೂತು ಮಾತಾಡುತ್ತಲೇ ಇರಬೇಕು, ಆಗ ಮಾತ್ರ ಮಾತು ಬರುತ್ತದೆ ಎಂದಿದ್ದರು. ಸದ್ದಿಲ್ಲದ ಕಡೆ ಎಲ್ಲಿಂದ ತರುವುದು? ನಮ್ಮ ಮಗ್ಗ ನಿಲ್ಲಿಸಿದರೂ ಬೀದಿ ನಿಲ್ಲುತ್ತದೆಯೇ? ಅದರಲ್ಲೂ ಶ್ರಾವಣ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಸೀರೆಗೆಂದು ಇಡೀ ಬೀದಿ ಹಗಲು ರಾತ್ರಿ ನೇಯುವ ಕಾಲ. ಒಂದಿಷ್ಟು ದಿನ ಬೆಳಗ್ಗೆ ಕೆರೆ ಏರಿಗೆ ಕರೆದುಕೊಂಡು ಹೋಗಿ ಮಾತಾಡಿಸಿದೆ. ಬಂದ ತಕ್ಷಣ ಮೆಷಿನ್ನು ತೆಗೆಯಬೇಕು. ಹೀಗಾದರೆ ಆಗುವುದಿಲ್ಲ ಎಂದು ನನಗೇ ಗೊತ್ತಾಗಿಬಿಟ್ಟಿತು.

ಮನೆ ಬಿಟ್ಟು ಹೋಗೋಣ ಎಂದು ನಾನೇ ಬಾಯಿಬಿಟ್ಟೆ. ಮಧುರೆ ರಸ್ತೆಯಲ್ಲಿ, ಹೊಲಗಳ ಮಧ್ಯೆ ನಮ್ಮಪ್ಪನ ಪರಿಚಯದವರ ಒಂದು ಶೀಟಿನ ಮನೆ ಖಾಲಿ ಇತ್ತು. ಅತ್ತೆಗೆ ಹೇಳಲು ನಮ್ಮವರು ಮಗ್ಗದ ಸ್ವಿಚ್ ಆರಿಸಿ ಬಂದರು. ಅತ್ತೆ ಕೇಳಿಸಿಕೊಂಡು, ನಿಂತ ಮಗ್ಗದ ಮೇಲಿನ ನೂಲಿನ ದೂಳನ್ನು ಸೆರಗಿನಿಂದ ಒರೆಸಿದರು.

"ನಾವೆಲ್ಲಾ ಈ ಸದ್ದಲ್ಲೇ ಹುಟ್ಟಿ ಬೆಳೆದ್ವಿ," ಎಂದರು ಕೊನೆಗೆ. "ನನ್ ಮೊಮ್ಮಗನಿಗೆ ನನ್ ಮನೆನೇ ಆಗ್ದೇ ಹೋಯ್ತಾ?"

ಹಬ್ಬ ಮುಗಿಯುವವರೆಗಾದರೂ ಇರಿ ಎಂದರು. ಇಷ್ಟು ಸೀರೆ ಬಾಕಿ ಇದೆ, ನಿನ್ನ ಅಣ್ಣನೊಬ್ಬನೇ ಏನು ಮಾಡಿಯಾನು ಎಂದು ಮಗನಿಗೆ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಲೆ ಉರಿಯುವುದೇ ಆ ಮಗ್ಗಗಳಿಂದ. ನಮ್ಮವರು ಅಮ್ಮನಿಗೆ ಎಂದೂ ಎದುರಾಡಿದವರಲ್ಲ. ಅವತ್ತೂ ದನಿ ಏರಿಸಲಿಲ್ಲ.

"ಹಬ್ಬದ ಸೀರೆ ಮುಂದಿನ್ ವರ್ಷಾನೂ ನೇಯ್ಬೋದು ಕಣಮ್ಮ," ಎಂದರು. "ಇವನಿಗೆ ಮುಂದಿನ್ ವರ್ಷ ಅನ್ನೋದಿಲ್ಲ."

ಶೀಟಿನ ಮನೆಗೆ ಹೋದೆವು. ನಮ್ಮವರು ದಿನಾ ಬೆಳಗ್ಗೆ ಬೈಕಿನಲ್ಲಿ ಮಗ್ಗಕ್ಕೆ ಹೋಗಿ, ಕತ್ತಲಾಗುವುದರೊಳಗೆ ಬಂದುಬಿಡುತ್ತಿದ್ದರು. ಗಂಡಸಿನ ದನಿಯೂ ಮಗುವಿನ ಕಿವಿಗೆ ಬೀಳಬೇಕೆಂದು ಮೇಡಂ ಹೇಳಿದ್ದರು. ಅತ್ತೆ ಭಾವನವರ ಸಂಸಾರದ ಜೊತೆ ಅಲ್ಲೇ ಉಳಿದರು. ನನ್ನ ಜೊತೆ ಮಾತು ಬಿಟ್ಟರು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗಲೂ ತೆಗೆದುಕೊಂಡು ಹುಬ್ಬನ್ನೂ ಎತ್ತಲಿಲ್ಲ. ಆದರೆ ವಾರಕ್ಕೊಮ್ಮೆ ಮಗನ ಕೈಯಲ್ಲಿ ಕೋಡುಬಳೆ, ನಿಪ್ಪಟ್ಟು ಕಳಿಸುವುದನ್ನು ತಪ್ಪಿಸಲಿಲ್ಲ.

ನಾನಂತೂ ಆ ತಿಂಗಳುಗಳಲ್ಲಿ ಮಾತಿನ ಮೆಷಿನ್ನೇ ಆಗಿಬಿಟ್ಟೆ. ಸೊಪ್ಪು ಬಿಡಿಸುವಾಗ ಇದು ದಂಟು, ಇದು ಎಲೆ, ಎಲೆ ಹಸಿರು. ನೀರು ಕಾಯಿಸುವಾಗ ಬಿಸಿ, ಮುಟ್ಟಬೇಡ, ಬಿಸಿ. ಮೊದಲು ಬಾಯಲ್ಲಿ ಹೇಳಿ, ಒಂದು ಉಸಿರು ಕಾದು, ಆಮೇಲೆ ಕೈಸನ್ನೆ. ಅವನ ಎತ್ತರಕ್ಕೆ ಕೂತು, ಟಿವಿ ಹಾಕದೆ, ಮೊಬೈಲು ಕೊಡದೆ. ಕಿರುಚಬಾರದು, ಮಾಮೂಲಿ ದನಿಯಲ್ಲೇ ಹೇಳಬೇಕು. ಮಗ್ಗದ ಮನೆಯ ಸೊಸೆಗೆ ಅದೇ ದೊಡ್ಡ ಕಷ್ಟವಾಗಿತ್ತು. ದಾರಿಯಲ್ಲಿ ಹೋಗುವವರು ಯಾರಿದು ಒಬ್ಬಳೇ ಮಾತಾಡಿಕೊಳ್ಳುತ್ತಾಳೆ ಎಂದು ಇಣುಕುತ್ತಿದ್ದರು. ಸ್ನಾನದ ಹೊತ್ತಿಗೆ ಮೆಷಿನ್ನು ತೆಗೆದು ಎತ್ತಿಡುವುದು, ಬ್ಯಾಟರಿ ನೋಡುವುದು, ಬೆವರು ಒರೆಸುವುದು, ಮಂಗಳವಾರ ಮಂಗಳವಾರ ಆಸ್ಪತ್ರೆಗೆ ಹೋಗಿ ಮೇಡಂ ಹತ್ತಿರ ಪಾಠ ಹೇಳಿಸಿಕೊಳ್ಳುವುದು. ಫಲ ಮಾತ್ರ ಕಾಣುತ್ತಿರಲಿಲ್ಲ. ಒಂದೊಂದು ದಿನ ಅವನನ್ನು ಮಲಗಿಸಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅತ್ತೆಯನ್ನೂ ನೋಯಿಸಿ, ಮಗ್ಗವನ್ನೂ ಕುಂಟಿಸಿ, ಇಷ್ಟೆಲ್ಲ ಮಾಡಿ ಮಾತೇ ಬರದಿದ್ದರೆ ಎಂದು.

ಒಂದು ಬೆಳಗ್ಗೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ದೇವನಹಳ್ಳಿ ಕಡೆಯಿಂದ ಏರಿದ ವಿಮಾನ ಮೋಡದ ಮರೆಯಲ್ಲಿ ಹೋಗುತ್ತಿತ್ತು. ನಾನು ಗಮನಿಸಿರಲೇ ಇಲ್ಲ, ದಿನಕ್ಕೆ ಎಷ್ಟೋ ಹೋಗುತ್ತವೆ. ಚಿರು ಮಣ್ಣಾಟ ಬಿಟ್ಟು ಎದ್ದು ನಿಂತ. ಆಕಾಶದಲ್ಲಿ ಆಚೆ ಈಚೆ ಹುಡುಕಿದ. ಕಾಣಲಿಲ್ಲ. ನನ್ನ ಕಡೆ ತಿರುಗಿ ಕಿವಿ ಮುಟ್ಟಿ ತೋರಿಸಿದ. ನಾನು ಒದ್ದೆ ಬಟ್ಟೆಯ ಸಮೇತ ಅವನನ್ನು ಎತ್ತಿಕೊಂಡುಬಿಟ್ಟೆ. ದಸರೆಯ ಹೊತ್ತಿಗೆ ಅಮ್ಮ ಬಂತು. ಆಮೇಲೆ ಬಾ ಬಂತು, ನೀರಿಗೆ ನೀ ಬಂತು, ಅಪ್ಪ ಬಂತು. ಸೊಟ್ಟಪಟ್ಟ, ಅರ್ಧಂಬರ್ಧ, ಆದರೆ ಬಂತು.

ಅವರೆಕಾಯಿ ಕಾಲ ಶುರುವಾಯಿತು. ಒಂದು ಮಧ್ಯಾಹ್ನ ಅತ್ತೆ ಆಟೋದಲ್ಲಿ ಬಂದಿಳಿದರು, ಕೈಯಲ್ಲಿ ಬ್ಯಾಗಿನ ತುಂಬ ಅವರೆಕಾಯಿ. ನನ್ನನ್ನು ನೋಡಿ, ಸಂತೆಯಲ್ಲಿ ಸೊನೆಗಾಯಿ ಚೆನ್ನಾಗಿತ್ತು, ತೆಗೆದುಕೊಂಡು ಬಂದೆ ಎಂದರು. ಅಷ್ಟು ತಿಂಗಳ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು ಅದು. ಚಿರು ಅಜ್ಜಿಯ ಕಾಲಿಗೆ ಜೋತುಬಿದ್ದ. ಅವರು ಅಭ್ಯಾಸದಂತೆ ಕೈಯೆತ್ತಿ ಸನ್ನೆ ಮಾಡಹೋಗಿ, ನನ್ನನ್ನು ನೋಡಿ ಕೈ ಇಳಿಸಿದರು. ಅವನ ಕಿವಿಯ ಹಿಂದೆ ಮೆಲ್ಲಗೆ ಬೆರಳಾಡಿಸಿ, ನೋಯುತ್ತದಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಬಿಸಿಲು ಇಳಿಯುವ ಹೊತ್ತಿಗೆ ಜಗಲಿಯ ಅಂಚಿನಲ್ಲಿ ರಸ್ತೆಗೆ ಮುಖ ಮಾಡಿ ಕೂತು ಕಾಯಿ ಬಿಡಿಸತೊಡಗಿದರು. ನಾನು ಕಾಫಿ ಮಾಡಲು ಒಳಗೆ ಹೋದೆ.

ಲೋಟ ಹಿಡಿದು ಬರುವಾಗ ಚಿರು ಹೊಸ್ತಿಲಲ್ಲಿ ನಿಂತಿದ್ದ, ಅಜ್ಜಿಯ ಬೆನ್ನಿಗೆ ನಾಲ್ಕು ಹೆಜ್ಜೆ ಹಿಂದೆ.

"ಅದ್ದಿ," ಎಂದ.

ಅಜ್ಜಿಯ ಫೋಟೋ ತೋರಿಸಿ ತೋರಿಸಿ ನಾನು ಈ ಪದ ಹೇಳಿಕೊಟ್ಟಿದ್ದೆ. ಜ ಅನ್ನಲು ನಾಲಿಗೆ ಇನ್ನೂ ಹೊರಳು‌ತ್ತಿರಲಿಲ್ಲ. ಆದರೆ ನಾನು ಹೇಳದೆಯೇ, ಎದುರಿಗಿರುವ ಅಜ್ಜಿಯನ್ನು ಅವನು ಕರೆದದ್ದು ಅದೇ ಮೊದಲು. ಅತ್ತೆ ಈಗ ತಿರುಗುತ್ತಾರೆ ಎಂದು ಉಸಿರು ಹಿಡಿದು ನಿಂತೆ. ಅವರು ಕಾಳನ್ನು ಮೊರಕ್ಕೆ ಹಾಕಿ ಇನ್ನೊಂದು ಕಾಯಿ ಎತ್ತಿಕೊಂಡರು. ಚಿರು ಮತ್ತೆ ಕರೆದ, ಇನ್ನೂ ಗಟ್ಟಿಯಾಗಿ. ರಸ್ತೆ ಖಾಲಿ ಇತ್ತು, ಗಾಳಿ ಕೂಡ ಇರಲಿಲ್ಲ. ಮೂರನೆಯ ಸಲ ಅವನು ಕೂಗಿದ್ದಕ್ಕೆ ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಅತ್ತೆಯ ಬೆನ್ನು ಅಲ್ಲಾಡಲಿಲ್ಲ.

ಚಿರು ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಜಗಲಿಯಿಂದಿಳಿದು ಸುತ್ತಿ ಹೋಗಿ, ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮುಖಕ್ಕೆ ಮುಖ ಹತ್ತಿರ ತಂದು, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. ನಾನು ಅವನಿಗೆ ಹೇಳಿಕೊಡುವ ಹಾಗೆಯೇ.

ಅತ್ತೆಯ ಕೈ ನಿಂತಿತು. ಏನಂದ ಎಂಬಂತೆ ನನ್ನ ಕಡೆ ತಿರುಗಿದರು. ಅಜ್ಜಿ ಅಂತಿದ್ದಾನೆ ಎಂದೆ. ಸೊನೆ ಅಂಟಿದ ಕೈಯಲ್ಲೇ ಅವನ ಕೆನ್ನೆ ಎರಡನ್ನೂ ಹಿಡಿದುಕೊಂಡರು, ಕಣ್ಣಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಸಲ ಹೇಳಿಸಿಕೊಂಡರು, ಮತ್ತೊಂದು ಸಲ. ಸ್ವಲ್ಪ ಹೊತ್ತಿನ ಮೇಲೆ, ಬಾಗಿಲಲ್ಲೇ ಲೋಟ ಹಿಡಿದು ನಿಂತಿದ್ದ ನನ್ನನ್ನೂ, ಹೊಲದಲ್ಲಿ ಇನ್ನೂ ಇತ್ತಲೇ ನೋಡುತ್ತಿದ್ದ ಹೆಂಗಸನ್ನೂ ನೋಡಿದರು.

"ಎಷ್ಟೊತ್ತಿಂದ ಕರೀತಿದ್ದ?"

ವರ್ಷವಿಡೀ ಮನೆಮಂದಿಗೆಲ್ಲ ಕಿವಿಯ ಪಾಠ ಹೇಳಿದವಳು ನಾನು. ಕಾಫಿ ಲೋಟವನ್ನು ಅವರ ಪಕ್ಕಕ್ಕಿಟ್ಟೆ.

"ಈಗ್ಲೇ ಅತ್ತೆ. ಇದೇ ಮೊದ್ಲು."

ಅವರು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ.

"ಸುಳ್ಳು ಹೇಳ್ಬೇಡ ಸವಿತಾ," ಎಂದರು. "ಮಂಗಳವಾರ ಆಸ್ಪತ್ರೆಗೆ ಹೋಗ್ತೀರಲ್ಲ, ನಾನೂ ಬರ್ತೀನಿ."